ಬನ್ನಿ, ಮುಟ್ಟಬೇಡಿ

ಮೂಡಲಗಿಯಲ್ಲಿ ನನ್ನದೊಂದು ಅಂಗಡಿ. ಸುಟ್ಟ ಮೋಟಾರುಗಳ ಹೊಟ್ಟೆ ಬಿಚ್ಚಿ ಹೊಸ ತಂತಿ ಸುತ್ತುವುದು ನನ್ನ ಕಸುಬು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಈ ಕೆಲಸಕ್ಕೆ ಕೂತವನು. ಇವತ್ತು ಈ ಸುತ್ತಿನ ಕಬ್ಬಿನ ಹೊಲಗಳಲ್ಲಿ ನೀರು ಹರಿಯುತ್ತಿದ್ದರೆ ಅದರಲ್ಲಿ ಅರ್ಧ ನನ್ನ ಕೈಯೊಳಗಿಂದ ಹರಿದದ್ದೇ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಇಂಥವನು ಗೋಕಾಕದ ಬೋನ್ಸಾಯಿ ಸಂಘಕ್ಕೆ ಹೇಗೆ ಸೇರಿದ ಎಂದು ಜನ ಕೇಳುತ್ತಾರೆ. ನಾನು ಸೇರಲಿಲ್ಲ. ಮೋಟಾರು ಹೊತ್ತುಕೊಂಡು ಹೋದವನು ಅಲ್ಲೇ ಉಳಿದೆ.

ಅದು ಗೋಕಾಕದ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರ ಮನೆ. ರಿಪೇರಿ ಮಾಡಿದ ಮೋಟಾರನ್ನು ಕೂಡಿಸಿ, ಟಾಕಿಗೆ ನೀರು ಏರುತ್ತದೋ ಇಲ್ಲವೋ ನೋಡಲು ಮಾಳಿಗೆ ಹತ್ತಿದೆ. ನೋಡಿದರೆ ಅಲ್ಲಿ ಒಂದು ಅಡವಿಯೇ ಇತ್ತು, ಆದರೆ ಗೇಣುದ್ದದ ಅಡವಿ. ಬಿಳಲು ಬಿಟ್ಟ ಆಲದ ಮರ ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ಒಂದು ಮುದಿ ಹುಣಸೆ ಊಟದ ತಾಟಿನಷ್ಟು ಅಗಲದ ಕುಂಡದಲ್ಲಿ ಆರಾಮಾಗಿ ಕೂತಿತ್ತು. ಮಾಸ್ತರರು ನೀರು ಏರಿದ್ದನ್ನು ನೋಡಲೇ ಇಲ್ಲ. ಅವರ ಕಣ್ಣು ನನ್ನ ಚೀಲದಿಂದ ಇಣುಕುತ್ತಿದ್ದ ಹಳೆಯ ತಾಮ್ರದ ತಂತಿಯ ಮೇಲಿತ್ತು. ಅದೇನು ಮಾಡುತ್ತೀರಿ ಎಂದರು. ಗುಜರಿಗೆ ಹಾಕುತ್ತೇನೆ ಎಂದೆ. ಒಂದು ತುಂಡು ಕೊಡಿ ಎಂದು ಇಸಿದುಕೊಂಡು ಹುಣಸೆಯ ಒಂದು ಟೊಂಗೆಗೆ ಸುತ್ತಿ, ಬೆರಳಿನಿಂದ ಸಾವಕಾಶ ಬಾಗಿಸಿದರು. ಟೊಂಗೆ ಬಾಗಿತು, ಬಾಗಿದಲ್ಲೇ ನಿಂತಿತು. ಪೇಟೆಯ ತಂತಿ ಹೊಸ ಅಳಿಯನ ಹಾಗೆ ಬಿಗಿದುಕೊಂಡಿರುತ್ತದೆ. ಮೋಟಾರಿನಲ್ಲಿ ಒಮ್ಮೆ ಸುಟ್ಟು, ಬೆಂಕಿ ಕಂಡ ತಾಮ್ರ ಮಾತ್ರ ಹೇಳಿದ ಮಾತು ಕೇಳುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು. ಗಿಡಕ್ಕೂ ಹೊಂದುತ್ತದೆ ಎಂಬುದು ಅವತ್ತು ಗೊತ್ತಾಯಿತು.

ಸಂಘ ತಿಂಗಳ ಮೊದಲ ಐತವಾರ ಅದೇ ಮಾಳಿಗೆಯ ಮೇಲೆ ಕೂಡುತ್ತಿತ್ತು. ಘಟಪ್ರಭಾದಿಂದ, ನಿಡಸೋಸಿಯಿಂದ, ಹುಕ್ಕೇರಿಯಿಂದ ಜನ ತಮ್ಮ ತಮ್ಮ ಕುಂಡಗಳನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ನಾನು ತಂತಿ ತಂದು ಹಂಚುತ್ತಿದ್ದೆ. ಸುತ್ತಿ ಕೊಡುವುದೂ ನನ್ನ ಪಾಲಿಗೇ ಬಂತು. ದಿನವಿಡೀ ಸುತ್ತುವುದನ್ನೇ ಮಾಡಿದ ಕೈ ಇದು. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಕೂದಲೆಳೆಯ ಅಂತರ ಹೆಚ್ಚುಕಡಿಮೆ ಆಗುವುದಿಲ್ಲ.

ಮನೆಯಲ್ಲಿ ನಮ್ಮಾಕೆಗೆ ಈ ಸಂಘದ ಹೆಸರೇ ಸೇರಲಿಲ್ಲ. "ಹೆಸರಿನ್ಯಾಗ ಸಾಯಿ ಅಂತ ಐತಿ, ಗಿಡಾ ಬದಕೂದು ಹ್ಯಾಂಗ್ರಿ?" ಎಂದಳು. ಮಕ್ಕಳ ತಲೆ ಒಂದು ದಿನ ಬಾಚದ ಮನುಷ್ಯ ಗಿಡಗಳಿಗೆ ಜಡೆ ಹಾಕಲು ಗೋಕಾಕಕ್ಕೆ ಹೋಗುತ್ತಾನೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಹೀಗಿದ್ದಾಗ ನನಗೂ ಒಂದು ಗಿಡ ಸಿಕ್ಕಿತು. ಕಣಗಲಾ ಕಡೆ ಒಬ್ಬರ ಬಾವಿಯ ಮೋಟಾರು ನೋಡಲು ಹೋಗಿದ್ದೆ. ಹೊಲ ಸಪಾಟು ಮಾಡಲು ಜೆಸಿಬಿ ಬಂದು ಒಡ್ಡು ಅಗೆಯುತ್ತಿತ್ತು. ಒಡ್ಡಿನ ಮೇಲೆ ಒಂದು ಬನ್ನಿ ಗಿಡ. ಬೊಡ್ಡೆ ನನ್ನ ಮೀನಗಂಡದಷ್ಟು ದಪ್ಪ, ಎತ್ತರ ಮಾತ್ರ ತೊಡೆಯವರೆಗೆ. ವರ್ಷಾನುಗಟ್ಟಲೆ ಆಡುಗಳು ಮೇಯ್ದು ಮೇಯ್ದು ಅದನ್ನು ಮೇಲೇಳಲು ಬಿಟ್ಟಿರಲಿಲ್ಲ. ಒಂದೇ ಒಂದು ಟೊಂಗೆ ಆಡಿನ ಬಾಯಿಗೆ ಎಟುಕದೆ ಒಡ್ಡಿನಾಚೆ, ಬಾವಿಯ ಕಡೆಗೆ ಉದ್ದಕ್ಕೆ ಚಾಚಿಕೊಂಡಿತ್ತು. ಜೆಸಿಬಿಯವನನ್ನು ನಿಲ್ಲಿಸಿ ಬೇರು ಕಡಿಯದ ಹಾಗೆ ಅದನ್ನು ಎಬ್ಬಿಸಿದೆ. ಇದೇನು ಮಾಡುತ್ತೀರಿ ಎಂದು ಆಡು ಕಾಯುವ ಕಾಕಾ ಕೇಳಿದ. ಗಿಡಗಳನ್ನು ಗಿಡ್ಡ ಬೆಳೆಸುವ ಸಂಘವಿದೆ, ಕಲಿಸುತ್ತಾರೆ ಎಂದೆ. ಅವನು ತನ್ನ ಆಡುಗಳ ಕಡೆ ನೋಡಿ, "ಇವಕ್ಕ ಯಾವ ಸಾಲ್ಯಾಗ ಕಲಿಸ್ಯಾರು?" ಎಂದ.

ಆ ಬನ್ನಿಯನ್ನು ಅಂಗಡಿಯ ಹಿಂದೆ ಇಟ್ಟು ಸಾಕಿದೆ. ಮೊದಲು ದೊಡ್ಡ ಬುಟ್ಟಿಯಲ್ಲಿ, ಆಮೇಲೆ ಸಣ್ಣದರಲ್ಲಿ, ಕೊನೆಗೆ ತಾಟಿನಂಥ ಕುಂಡದಲ್ಲಿ. ಮಳೆಗಾಲ, ಬೇಸಿಗೆ ಎನ್ನದೆ ತಂತಿ ಸುತ್ತಿದೆ, ಬಿಚ್ಚಿದೆ. ಸಣ್ಣ ಎಲೆ, ಸಣ್ಣ ಮುಳ್ಳು, ತಲೆಯ ಮೇಲೆ ದುಂಡಗೆ ಹಸಿರು, ಒಂದು ಬಾಜೂ ಆ ಉದ್ದನೆಯ ಟೊಂಗೆ. ನೋಡಿದವರು ನೂರು ವರ್ಷದ ಮರ ಎನ್ನಬೇಕು, ಹಾಗಾಯಿತು.

ಅದನ್ನು ಮಾಳಿಗೆಗೆ ಒಯ್ದ ದಿನವೇ ಜಗಳ ಹತ್ತಿತು. ಮಾಸ್ತರರು ಸುತ್ತಲೂ ತಿರುಗಿ, ಒಂದು ಕಣ್ಣು ಮುಚ್ಚಿ, ಕೈಯಲ್ಲಿದ್ದ ಕತ್ತರಿಯನ್ನು ಪೆನ್ಸಿಲ್ಲಿನ ಹಾಗೆ ಹಿಡಿದು ಅಳತೆ ನೋಡಿದರು. ಗಿಡ ಮುಕ್ಕೋನವಾಗಿ ಕಾಣಬೇಕು ಎಂಬುದು ಅವರ ಪಾಠ.

"ಈ ಟೊಂಗಿ ಹೆಚ್ಚಾತ್ರಿ. ತಗದು ಬಿಡೋಣು."

"ಅದಕ್ಕ ಕತ್ತರಿ ಹಚ್ಚಬ್ಯಾಡ್ರಿ, ಸರ್ರ. ಆಡು ಬಿಟ್ಟದ್ದು ನೀವ್ಯಾಕ ತಗೀತೀರಿ?"

ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. "ತಂತಿ ಸುತ್ತೂದು ಬ್ಯಾರೆ, ಗಿಡಾ ಕಾಣೂದು ಬ್ಯಾರೆ," ಎಂದರು.

ಆ ಮಾತು ನನಗೆ ನಾಟಿತು. ಅವತ್ತಿನಿಂದ ಅವರೊಂದಿಗೆ ಮಾತು ಬಿಟ್ಟೆ. ಅವರೂ ಬಿಟ್ಟರು. ಆದರೆ ಐತವಾರ ತಪ್ಪಿಸಲಿಲ್ಲ, ತಂತಿ ಒಯ್ಯುವುದನ್ನೂ ಬಿಡಲಿಲ್ಲ. ಸಿಟ್ಟು ಸಿಟ್ಟಿನ ಜಾಗದಲ್ಲಿ, ಕೆಲಸ ಕೆಲಸದ ಜಾಗದಲ್ಲಿ. ನಮ್ಮಿಬ್ಬರ ನಡುವೆ ಹುಕ್ಕೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಒಬ್ಬ ಅಕ್ಕಾವರು ಕೂರುತ್ತಿದ್ದರು. ತಂತಿ ದಪ್ಪ ಬೇಕೋ ಸಣ್ಣ ಬೇಕೋ ಕೇಳಿರಿ ಎಂದು ನಾನು ಅಕ್ಕಾವರಿಗೆ ಹೇಳುವುದು, ಸಣ್ಣದು ಸಾಕೆಂದು ಹೇಳಿರಿ ಎಂದು ಮಾಸ್ತರರು ಅಕ್ಕಾವರಿಗೆ ಹೇಳುವುದು. ನಾವಿಬ್ಬರೂ ಕೈ ಚಾಚಿದರೆ ಒಬ್ಬರಿಗೊಬ್ಬರು ತಾಗುವಷ್ಟು ಹತ್ತಿರವೇ ಇರುತ್ತಿದ್ದೆವು. ಒಂದು ದಿನ ಅಕ್ಕಾವರು ಚಹಾದ ಕಪ್ಪು ಕೆಳಗಿಟ್ಟು, "ನನ್ನ ಕುತಗೀಗೂ ಒಂದು ಮೋಟಾರ್ ಕೂಡಸ್ರಿ ಅಣ್ಣಾರ. ಆಕಡೆ ಈಕಡೆ ತಾನ ತಿರಗಲಿ," ಎಂದರು.

ಟೊಂಗೆಯ ವ್ಯಾಜ್ಯ ಬಿಡಿಸಲು ಅವರೇ ಒಂದು ದಾರಿ ಹುಡುಕಿದರು. ದಸರೆ ಮುಗಿದ ಐತವಾರ ಗೋಕಾಕದ ಒಂದು ಮಂಗಲ ಕಾರ್ಯಾಲಯದಲ್ಲಿ ಸಂಘದ ಪ್ರದರ್ಶನ. ಗಿಡಗಳನ್ನು ನೋಡಲು ಬೆಂಗಳೂರು ಕಡೆಯಿಂದ ಒಬ್ಬ ತಜ್ಞರು ಬರುವವರಿದ್ದರು. ಬನ್ನಿಯನ್ನು ನಡುವಿನ ಮೇಜಿನ ಮೇಲೆ ಇಡುವುದು, ಅವರು ಹೇಳಿದ್ದೇ ಕೊನೆಯ ಮಾತು. ಟೊಂಗೆ ತೆಗೆಯಿರಿ ಎಂದರೆ ನಾನು ಎಲ್ಲರೆದುರು ನನ್ನ ಕೈಯಿಂದಲೇ ಕತ್ತರಿಸಬೇಕು. ಇರಲಿ ಎಂದರೆ ಮಾಸ್ತರರು ಎಲ್ಲರೆದುರು ನನ್ನದು ತಪ್ಪಾಯಿತು ಎನ್ನಬೇಕು. ಇಬ್ಬರೂ ಒಪ್ಪಿದೆವು, ಅಕ್ಕಾವರ ಮುಖಾಂತರ.

ನಡುವೆ ದಸರೆ ಬಂತು. ನಮ್ಮ ಕಡೆ ದಸರೆಯೆಂದರೆ ಬನ್ನಿ. ಅದರ ಎಲೆಯೇ ಅವತ್ತು ಬಂಗಾರ. ಸಣ್ಣವರು ದೊಡ್ಡವರ ಮನೆಗೆ ಹೋಗಿ ಎಲೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೋಣು ಎಂದು ಕಾಲಿಗೆ ಬೀಳಬೇಕು. ಕೈಗೆ ಬನ್ನಿ ಬಂತೆಂದರೆ ಹಳೆಯ ಸಿಟ್ಟು ಅಲ್ಲಿಗೆ ಮುಗಿಯಬೇಕು. ಪ್ರತಿ ದಸರೆಗೂ ಮಾಸ್ತರರ ಮನೆಗೆ ಹೋಗಿ ಬರುತ್ತಿದ್ದ ನಾನು ಆ ವರ್ಷ ಹೋಗಲಿಲ್ಲ. ಬನ್ನಿ ಗಿಡವನ್ನೇ ಮನೆಯಲ್ಲಿಟ್ಟುಕೊಂಡು ಬನ್ನಿ ಕೊಡಲು ಹೋಗದ ಮನುಷ್ಯನನ್ನು ಇವತ್ತೇ ಕಂಡೆ ಎಂದು ನಮ್ಮಾಕೆ ಅಂದಳು. ನನಗೆ ಅರ್ಜೆಂಟ್ ಮೋಟಾರು ಇದೆ ಎಂದೆ. ಆಯುಧಗಳ ಖಂಡೇ ಪೂಜೆಗೆ ತೊಳೆದು ಕುಂಕುಮ ಹಚ್ಚಿದ ಕಟರು, ಇಕ್ಕಳಗಳು ಹಲಿಗೆಯ ಮೇಲೆ ಹಾಗೇ ಕೂತಿದ್ದವು. ಅವು ನನ್ನನ್ನೇ ನೋಡುತ್ತಿದ್ದವು.

ಐತವಾರ ಗಿಡವನ್ನು ಟಂಟಂನಲ್ಲಿ ಒಯ್ದೆವು. ದಾರಿಯುದ್ದಕ್ಕೂ ನಮ್ಮಾಕೆ ಅದನ್ನು ಹಿಡಿದುಕೊಂಡು ಕೂತಿದ್ದಳು. ಸಾಯಿ, ಸಾಯಿ ಎನ್ನುತ್ತಿದ್ದವಳು ತಗ್ಗು ಬಂದಾಗಲೆಲ್ಲ ಡ್ರೈವರನಿಗೆ ಸಾವಕಾಶ ಹೊಡಿಯಪ್ಪಾ ಎಂದು ಗದರುತ್ತಿದ್ದಳು. ಕಾರ್ಯಾಲಯದಲ್ಲಿ ಎಲ್ಲ ಗಿಡಗಳ ಮುಂದೆಯೂ ಮಾಸ್ತರರ ಮುತ್ತಿನಂಥ ಅಕ್ಷರದ ಚೀಟಿ. ಆಲ, ಮುಟ್ಟಬೇಡಿ. ಹುಣಸೆ, ಮುಟ್ಟಬೇಡಿ. ನನ್ನ ಗಿಡದ ಮುಂದೆ ದೊಡ್ಡ ಅಕ್ಷರದಲ್ಲಿ ಬನ್ನಿ, ಕೆಳಗೆ ಸಣ್ಣ ಅಕ್ಷರದಲ್ಲಿ ಮುಟ್ಟಬೇಡಿ. ಆ ಟೊಂಗೆ ಮೇಜು ದಾಟಿ ಜನ ಓಡಾಡುವ ದಾರಿಗೇ ಚಾಚಿತ್ತು.

ತಜ್ಞರ ಗಾಡಿ ತಡವಾಯಿತು. ಅವರಿಗಿಂತ ಮೊದಲು ಜನ ಬಂದರು. ಮೊದಲಿಗೆ ಒಬ್ಬ ಅಜ್ಜಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಎಲೆ ಗೊತ್ತಿತ್ತು. ಚಪ್ಪಲಿ ಕಳಚಿ ಗಿಡಕ್ಕೆ ಕೈಮುಗಿದು, ಚಾಚಿದ ಟೊಂಗೆಯಿಂದ ಒಂದು ಎಲೆ ಹರಿದು ನನ್ನ ಕೈಗೇ ಇಟ್ಟಳು. "ತಗೋ ತಮ್ಮಾ, ಬಂಗಾರದಂಗ ಇರು."

ಬೈಯುವುದು ಹೇಗೆ? ಸೀಗೀ ಹುಣ್ಣಿಮೆ ಇನ್ನೂ ದಾಟಿರಲಿಲ್ಲ, ಅಲ್ಲಿಯ ತನಕ ಬನ್ನಿ ಕೊಡುವುದು ನಡೆದೇ ಇರುತ್ತದೆ. ದೊಡ್ಡವಳೇ ಮೊದಲು ಕೊಟ್ಟಳಲ್ಲ ಎಂದು ನಾನು ಬಗ್ಗಿ ಅವಳ ಕಾಲು ಮುಟ್ಟಿದೆ. ಅದನ್ನು ನೋಡಿ ಹಿಂದಿದ್ದ ಸೊಸೆ ಒಂದು ಹರಿದಳು, ಅವಳ ಹಿಂದಿನವರು ಒಂದು. ದಸರೆಗೆ ಭೇಟಿಯಾಗದವರೆಲ್ಲ ಅಲ್ಲೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳತೊಡಗಿದರು. ನಡುವೆ ಮುಳ್ಳು, ಅಲ್ಲಿಗೆ ಯಾರೂ ಕೈ ಹಾಕಲಿಲ್ಲ. ಎಲ್ಲರಿಗೂ ಎಟುಕುತ್ತಿದ್ದದ್ದು ಆ ಒಂದೇ ಟೊಂಗೆ.

ಮಾಸ್ತರರು ಆ ತುದಿಯಿಂದ ಓಡಿ ಬಂದರು. ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ ಎಂದು ಅಡ್ಡ ನಿಂತರು. ಹಳದಿ ರುಮಾಲಿನ ಒಬ್ಬ ಗೌಡರು ಚೀಟಿಯತ್ತ ಬೆರಳು ಮಾಡಿ, "ಬನ್ನಿ ಅಂತ ನೀವ ಬರದೀರಿ. ಮುಟ್ಟಲಾರದ ಬನ್ನಿ ಕೊಡೂದು ಹ್ಯಾಂಗ್ರಿ ಮಾಸ್ತರ?" ಎಂದು ಅವರ ಕೈಗೂ ಒಂದು ಎಲೆ ಇಟ್ಟು ಕಾಲಿಗೆ ಬಾಗಿದರು. ಕಾಲಿಗೆ ಬಿದ್ದವರನ್ನು ಗದರಿಸಲು ಬರುತ್ತದೆಯೇ? ಆಶೀರ್ವಾದ ಮಾಡಿದರು. ಮುಂದಿನವರೂ ಬಿದ್ದರು. ಗೋಕಾಕದ ಅರ್ಧ ಮಂದಿ ಅವರ ಕೈಯಲ್ಲಿ ಚಿತ್ರ ತೆಗೆಯಲು ಕಲಿತವರೇ. ತಡೆಯಲು ಬಂದವರು ತಾಸು ಹೊತ್ತು ನಿಂತು ಆಶೀರ್ವಾದ ಮಾಡಿದರು, ಅಂಗಿಯ ಕಿಸೆ ಬನ್ನಿಯಿಂದ ತುಂಬಿ ಉಬ್ಬಿತು.

ತಜ್ಞರು ಬಂದಾಗ ಗಿಡದ ತಲೆ ಹಸಿರಾಗಿಯೇ ಇತ್ತು. ಆ ಟೊಂಗೆ ಮಾತ್ರ ಬೋಳು, ಒಂದು ಎಲೆಯೂ ಇಲ್ಲ. ಅವರು ಚೀಟಿ ಓದಿ ಮೊದಲು ನಕ್ಕರು. "ಬನ್ನಿ ಅಂತ ಕರೀತೀರ, ಮುಟ್ಟಬೇಡಿ ಅಂತೀರ," ಎಂದರು. ಅವರ ಕಡೆ ಬನ್ನಿ ಎಂದರೆ ಬರ್ರಿ ಎಂದು. ಆಮೇಲೆ ಗಿಡದ ಸುತ್ತ ತಿರುಗಿ ಬೊಡ್ಡೆಯನ್ನು ಹೊಗಳಿದರು, ತಂತಿಯ ಗುರುತೇ ಉಳಿದಿಲ್ಲವಲ್ಲ ಎಂದು ನನ್ನ ಕೈಯನ್ನು ಹೊಗಳಿದರು. ಕೊನೆಗೆ ಟೊಂಗೆಯ ಹತ್ತಿರ ಬಂದರು.

"ಈ ಕೊಂಬೆ ಒಣಗಿ ಹೋಗಿದೆ. ತೆಗೆದುಬಿಡಿ," ಎಂದರು.

ಎಲ್ಲರೂ ಮಾಸ್ತರರ ಮುಖ ನೋಡಿದರು. ಮಾಸ್ತರರು ಗೆದ್ದಿದ್ದರು. ಒಂದು ಮಾತೂ ಆಡದೆ ನಿಂತಿದ್ದರೆ ಸಾಕಾಗಿತ್ತು. ಅವರು ಮಾತ್ರ ಮುಂದೆ ಬಂದು ತಮ್ಮ ಕೈಯನ್ನು ಟೊಂಗೆಯ ಮೇಲಿಟ್ಟರು.

"ಒಣಗಿಲ್ರಿ ಅದು. ಕೊಟ್ಟೈತಿ."

ತಜ್ಞರಿಗೆ ತಿಳಿಯಲಿಲ್ಲ. ಮಾಸ್ತರರು ಕಿಸೆಯಿಂದ ಹಿಡಿ ತುಂಬ ಎಲೆ ತೆಗೆದು ತೋರಿಸಿದರು. ಅದರಲ್ಲೇ ಒಂದನ್ನು ಆರಿಸಿ ನನ್ನ ಕಡೆ ತಿರುಗಿ ಕೈ ಚಾಚಿದರು. ಅಕ್ಕಾವರ ಮುಖಾಂತರ ಅಲ್ಲ, ನೇರ. "ತಗೋರಿ. ದಸರಾಕ್ಕ ಬರಲಿಲ್ಲ ನೀವು."

ದೊಡ್ಡವರು ಮೊದಲು ಕೊಡುವುದು ಪದ್ಧತಿಯಲ್ಲ. ನಾನು ತೆಗೆದುಕೊಂಡು, ಅದೇ ಎಲೆಯನ್ನು ತಿರುಗಿ ಅವರ ಕೈಗಿಟ್ಟು, ಕಾಲಿಗೆ ಬಾಗಿದೆ. ಏಳುವಾಗ ನನ್ನ ಸ್ವಾಭಿಮಾನವೂ ನನ್ನೊಂದಿಗೇ ಎದ್ದಿತು. ಮಾತೆಂದರೆ ಮಾತು. ಸೋತದ್ದನ್ನು ಸೋತೆ ಎನ್ನದಿದ್ದರೆ ಅದು ನನ್ನ ಕಸುಬಿಗೇ ಕಡಿಮೆ. ಕಿಸೆಯಿಂದ ಕುಂಕುಮ ಹತ್ತಿದ ಕಟರು ತೆಗೆದೆ.

"ಸೋತೇನ್ರಿ ನಾ. ಟೊಂಗಿ ತಗೀತೇನಿ, ಕೈ ತಗೀರಿ ಸರ್ರ."

"ನಾ ಬ್ಯಾಡಂದ್ರೂ ತಗೀತೀರಿ ಏನ್ರಿ?"

"ನೀವ ಹೇಳಿದ್ರಲ್ಲರಿ ತಗೀರಿ ಅಂತ."

"ಹೇಳಿದ್ದೆ. ಈಗ ಬ್ಯಾಡ ಅನ್ನಾಕತ್ತೇನಿ."

ನಾನು ಕತ್ತರಿಸುತ್ತೇನೆ ಎನ್ನುವುದು, ಅವರು ಬಿಡುವುದಿಲ್ಲ ಎನ್ನುವುದು. ನಮ್ಮ ನಮ್ಮ ಮಾತುಗಳನ್ನು ಒಬ್ಬರಿಗೊಬ್ಬರು ಬದಲು ಮಾಡಿಕೊಂಡು ಮತ್ತೆ ಜಗಳಕ್ಕೆ ನಿಂತೆವು. ಇಬ್ಬರ ಮುಖವೂ ಕೆಂಪಾಯಿತು. ತಜ್ಞರು ಸಾವಕಾಶ ಹುಣಸೆಯ ಕಡೆಗೆ ಸರಿದರು. ಅಕ್ಕಾವರು ನಡುವೆ ಬಂದು ನನ್ನ ಕೈಯಿಂದ ಕಟರು ಕಸಿದುಕೊಂಡು ತಮ್ಮ ಚೀಲಕ್ಕೆ ಹಾಕಿದರು. "ಇನ್ನೊಮ್ಮೆ ನೀವು ಮಾತು ಬಿಟ್ರ ನನಗ ಹೇಳಬ್ಯಾಡ್ರಿ. ನಾ ಹುಕ್ಕೇರಿಯಿಂದ ಇಲ್ಲೀ ತನಕಾ ಟಪಾಲ ಒಯ್ಯಾಕ ಬರೂದಿಲ್ಲ," ಎಂದರು.

ಕಟರು ಇನ್ನೂ ಅವರ ಹತ್ತಿರವೇ ಇದೆ. ಕೇಳಿದಾಗಲೆಲ್ಲ ಅದರಿಂದ ದಾರ ಕತ್ತರಿಸುತ್ತಿದ್ದೇನೆ ಎನ್ನುತ್ತಾರೆ. ಟೊಂಗೆಯೂ ಇದ್ದಲ್ಲೇ ಇದೆ. ಸ್ವಲ್ಪ ದಿನಕ್ಕೆ ಮತ್ತೆ ಚಿಗುರಿತು, ಎಲೆ ಮೊದಲಿಗಿಂತ ಸಣ್ಣವು ಬಂದವು. ನೋಡಿದಿರಾ ಎಂದು ಮಾಸ್ತರರು ಸಂಘ ಕೂಡಿದಾಗಲೆಲ್ಲ ಕೇಳುತ್ತಾರೆ. ನೋಡಿದೆ, ಆದರೂ ಸೋತವನು ನಾನೇ ಎನ್ನುತ್ತೇನೆ. ಅಷ್ಟಕ್ಕೆ ಚಹಾ ಆರುವ ತನಕ ವಾದ ನಡೆಯುತ್ತದೆ. ಬರುವ ಪ್ರದರ್ಶನವನ್ನೂ ದಸರೆಯ ಮರು ಐತವಾರಕ್ಕೇ ಇಟ್ಟಿದ್ದಾರೆ. ಚೀಟಿಯಲ್ಲಿ ಕೆಳಗಿನ ಸಾಲು ಬೇಡ ಎಂದು ಮಾಸ್ತರರೇ ಅಂದರು.

ಆ ಪ್ರದರ್ಶನದ ದಿನ ಸಂಜೆ ಟಂಟಂನಲ್ಲಿ ತಿರುಗಿ ಬರುವಾಗ ನಮ್ಮಾಕೆ ಗಿಡವನ್ನು ಹಿಡಿದುಕೊಂಡು ಕೂತಿದ್ದಳು. ಘಟಪ್ರಭಾ ಹೊಳೆ ದಾಟಿದ ಮೇಲೆ ಬೋಳು ಟೊಂಗೆಯ ಮೇಲೆ ಬೆರಳಾಡಿಸಿ ಅಂದಳು:

"ಕಣಗಲಾದ ಆಡಿಗೆ ಸಿಗಲಾರದ್ದು, ನೋಡ್ರಿ, ಗೋಕಾಕದ ಮಂದಿ ಮೇಯ್ದ್ರು."