ಸ್ವಂತ ಮೈಕಿನ ಶಬಾನಕ್ಕ

ಶಬಾನಕ್ಕ ತನ್ನ ಮೈಕನ್ನು ತಾನೇ ತರುತ್ತಿದ್ದಳು. ಎಳೆಮಗುವಿಗೆ ಹಾಕುವ ಹಸಿರು ಉಣ್ಣೆಯ ಕುಲಾವಿಯೊಂದರಲ್ಲಿ ಅದರ ತಲೆ ತೂರಿಸಿ, ಗಲ್ಲದ ಕೆಳಗೆ ಕಟ್ಟುವಂತೆ ದಾರ ಕಟ್ಟಿ, ಕೈಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ವ್ಯಾನ್ ಹತ್ತುವಳು. ಮೊದಲ ಸಲ ನೋಡಿದವರು ಗೊಂಬೆ ಎಂದೇ ತಿಳಿಯಬೇಕು. ನಮ್ಮ ಆರ್ಕೆಸ್ಟ್ರಾದ ಉಳಿದ ಹಾಡುಗಾರರಿಗೆಲ್ಲ ಇದ್ದದ್ದು ಒಂದೇ ಮೈಕು. ಲಿಪ್‌ಸ್ಟಿಕ್, ಎಲೆಅಡಿಕೆ, ಶುಂಠಿ ಪೆಪ್ಪರ್‌ಮೆಂಟು, ಎಲ್ಲದರ ವಾಸನೆಯೂ ಅದಕ್ಕಿತ್ತು.

"ಇನ್ನೊಬ್ರ ಬ್ರಶ್ಶಲ್ಲಿ ಹಲ್ಲುಜ್ಜುತೀಯಾ? ಮತ್ತೆ ಇದನ್ಯಾಕೆ ಬಾಯಿ ಹತ್ರ ಇಟ್ಕೋತೀಯ?" ಎಂದು ನನ್ನನ್ನು ಕೇಳಿದ್ದಳು. ಅಮ್ಮನನ್ನು ಕಾಡಿ ನಾನೂ ಒಂದು ಮೈಕು ಕೊಡಿಸಿಕೊಂಡೆ. ಅವಳದರ ಪಕ್ಕ ಇಟ್ಟಾಗ ಅದು ಜಾತ್ರೆಯ ಪೀಪಿಯ ಹಾಗೆ ಕಂಡಿತು. ಮತ್ತೆ ಹೊರಗೆ ತೆಗೆಯಲಿಲ್ಲ.

ಅವಳು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯ ಮಗಳು. ನಾನು ಚನ್ನಪಟ್ಟಣದವಳು. ಬಿ.ಕಾಂ. ಓದುತ್ತಿದ್ದಾಗ ರಾಜಣ್ಣನವರ ಆರ್ಕೆಸ್ಟ್ರಾಕ್ಕೆ ಎರಡನೆಯ ಹಾಡುಗಾರ್ತಿಯಾಗಿ ಸೇರಿದೆ. ಎರಡನೆಯವಳೆಂದರೆ ಜನ ಊಟಕ್ಕೆ ಎದ್ದು ಹೋಗುವ ಹೊತ್ತಿನಲ್ಲಿ ಹಾಡುವವಳು. ಮೊದಲ ಹಾಡು, ಕೊನೆಯ ಹಾಡು, ಪೋಸ್ಟರಿನಲ್ಲಿ ಫೋಟೊ, ಇವೆಲ್ಲ ಮೇನ್ ಸಿಂಗರ್‌ಗೆ. ಆ ಜಾಗದಲ್ಲಿ ಶಬಾನಕ್ಕ ಇದ್ದಳು. ನನಗೆ ಬೇಕಾಗಿದ್ದದ್ದೂ ಅದೇ ಜಾಗ.

ಪ್ರತಿ ಕಾರ್ಯಕ್ರಮದ ಮರುದಿನ ಊರು, ತಾರೀಕು, ಯಾರು ಏನು ಹಾಡಿದರು, ಯಾವುದಕ್ಕೆ ಒನ್ಸ್‌ಮೋರ್ ಬಂತು ಎಂದು ಡೈರಿಯಲ್ಲಿ ಗೀಟು ಹಾಕಿ ಬರೆದಿಡುವುದು ನನ್ನ ಅಭ್ಯಾಸ. ಅವಳ ಸಾಲಿನಲ್ಲಿ ಗೀಟುಗಳು ಬೇಲಿಯ ಹಾಗೆ ನಿಂತಿರುತ್ತಿದ್ದವು. ನನ್ನ ಸಾಲು ದನ ನುಗ್ಗಿದ ಹೊಲ. ಎದುರಿಗೆ "ಅಕ್ಕ, ನೀವು" ಎನ್ನುತ್ತಿದ್ದೆ, ಡೈರಿಯಲ್ಲಿ ಮಾತ್ರ ಅವಳು. ಇಲ್ಲಿ ಈಗ ಬಹುವಚನ ಹಾಕಿದರೆ ಸುಳ್ಳಾಗುತ್ತದೆ.

ಸಂಜೆ ಏಳಕ್ಕೆ ಕಾರ್ಯಕ್ರಮವೆಂದರೆ ಅವಳು ಶಾಮಿಯಾನದವರಿಗಿಂತ ಮೊದಲೇ ಹಾಜರ್. ಖಾಲಿ ಕುರ್ಚಿಗಳ ಕೊನೆಯ ಸಾಲಿನವರೆಗೂ ನಡೆದು ಹೋಗಿ, ಅಲ್ಲಿ ನಿಂತು ಸ್ಪೀಕರಿನ ಸದ್ದು ಕೇಳುತ್ತಿದ್ದಳು. "ಮುಂದೆ ಕೂತೋರು ನನ್ನ ಸೀರೆ ನೋಡೋಕೆ ಬಂದಿರ್ತಾರೆ. ಹಾಡು ಕೇಳೋರು ಇಲ್ಲಿರ್ತಾರೆ" ಎನ್ನುವಳು. ಸಾಹಿತ್ಯವನ್ನು ಫೋನಿನಲ್ಲಿ ನೋಡಿಕೊಂಡು ಹಾಡುತ್ತಿದ್ದ ನನಗೆ ಒಮ್ಮೆ ಎಲ್ಲರ ಮುಂದೆಯೇ ಹೇಳಿದಳು: "ಸವಿತಾ, ಫೋನ್ ನೋಡೋರನ್ನ ನೋಡೋಕೆ ಜನ ಇಲ್ಲೀತನಕ ಯಾಕೆ ಬರ್ತಾರಮ್ಮ? ಮನೇಲೇ ಇರ್ತಾರಲ್ಲ ಬೇಕಾದಷ್ಟು ಜನ." ಡ್ರಮ್ಸ್‌ನವನು ನಕ್ಕು ಒಂದು ಏಟು ಬಾರಿಸಿದ. ಆ ವಾರವೆಲ್ಲ ಕುಳಿತು ಹಾಡುಗಳನ್ನು ಬಾಯಿಪಾಠ ಮಾಡಿದೆ. ಕಲಿಯಬೇಕೆಂದಲ್ಲ, ಅವಳ ಬಾಯಿ ಮುಚ್ಚಿಸಬೇಕೆಂದು.

ಗುಡೇಮಾರನಹಳ್ಳಿಯ ಕಾರ್ಯಕ್ರಮಕ್ಕೆ ಅವಳು ನೆಗಡಿ ಹಿಡಿಸಿಕೊಂಡು ಬಂದಿದ್ದಳು. ಕೀಬೋರ್ಡಿನ ಮಂಜ, ಪಾಪ ಎಂದುಕೊಂಡು, ಯಾರಿಗೂ ಹೇಳದೆ ಶ್ರುತಿಯನ್ನು ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಇಳಿಸಿ ನುಡಿಸಿದ. ಹಾಡು ಮುಗಿಸಿ, ನಗುತ್ತಾ ಕೈ ಮುಗಿದು ಸ್ಟೇಜಿನ ಹಿಂದೆ ಬಂದವಳ ಮುಖದಲ್ಲಿ ಆ ನಗು ಇರಲಿಲ್ಲ.

"ಶ್ರುತಿ ಯಾಕೆ ಇಳಿಸ್ದೆ ಮಂಜ?"

"ನೆಗಡಿ ಆಗೈತಲ್ಲಕ್ಕಾ, ಒಸಿ ಈಜಿ ಆಗ್ಲಿ ಅಂತ..."

"ನೆಗಡಿ ಬಂದಿರೋದು ನನ್ನ ಮೂಗಿಗೆ, ನಿನ್ನ ಬೆರಳಿಗಲ್ಲ. ಕೇಳಿ ಇಳಿಸಿದ್ರೆ ಸಹಾಯ. ಕೇಳ್ದೆ ಇಳಿಸಿದ್ರೆ ನನ್ನ ಕೈಲಾಗಲ್ಲ ಅಂತ ನೀನೇ ತೀರ್ಮಾನ ಮಾಡ್ದಂಗೆ."

ಮಂಜ ದಸರಾ ಕಳೆಯುವವರೆಗೂ ಅವಳ ಜೊತೆ ಮಾತಾಡಲಿಲ್ಲ. ಅವಳ ಕೋಪ ನನಗೆ ಅತಿ ಅನ್ನಿಸಿತು. ಆದರೆ ನನಗೆ ಹೊಟ್ಟೆ ಉರಿದದ್ದು ಅವಳ ಕಿವಿಯನ್ನು ಕಂಡು. ನನಗೆ ಅವನು ಒಂದು ಪೂರ್ತಿ ಮನೆ ಇಳಿಸಿದ್ದರೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಿದ್ದರೆ ಥ್ಯಾಂಕ್ಸ್ ಹೇಳುತ್ತಿದ್ದೆ.

ಕನಕಪುರದ ಒಂದು ತಂಡವನ್ನು, ಮಾಗಡಿಯ ಇನ್ನೊಂದನ್ನು ಇಂಥವೇ ಜಗಳಗಳಲ್ಲಿ ಬಿಟ್ಟು ಬಂದವಳು ಅವಳು. ಅವಳಿಗೆ ಉಳಿದಿದ್ದದ್ದು ನಮ್ಮ ರಾಜಣ್ಣನವರೊಬ್ಬರೇ. ಅದೂ ತಿಪ್ಪಸಂದ್ರದ ಗಣೇಶನ ಮುಂದೆ ಮುಗಿಯಿತು.

ನಮ್ಮ ಕಡೆ ಒಂದು ರೂಢಿಯಿದೆ. ಲೀಡರ್ ಬಂದರೆ ಹಾಡು ಎಲ್ಲಿದ್ದರೂ ನಿಲ್ಲಬೇಕು. ಹಾರ, ಶಾಲು, ಪೇಟ, ಭಾಷಣ, ಫೋಟೊ ಎಲ್ಲ ಮುಗಿದ ಮೇಲೆ ಹಾಡು ಮತ್ತೆ ಮೊದಲಿನಿಂದ. ಅವತ್ತು ಶಬಾನಕ್ಕ ಎರಡನೆಯ ಚರಣದಲ್ಲಿದ್ದಾಗ ಲೀಡರು ಮೆಟ್ಟಿಲು ಹತ್ತಿದರು. ರಾಜಣ್ಣ ಪಕ್ಕದಿಂದ ಕೈಯೆತ್ತಿದರು. ಕೀಬೋರ್ಡು, ಡ್ರಮ್ಸು ನಿಂತವು. ಅವಳು ನಿಲ್ಲಲಿಲ್ಲ. ಕಣ್ಣು ಮುಚ್ಚಿ, ವಾದ್ಯವಿಲ್ಲದೆ, ಚರಣ ಮುಗಿಸಿ ಪಲ್ಲವಿಗೆ ಮರಳಿದಳು. ಲೀಡರು ರೇಷನ್ ಕ್ಯೂನಲ್ಲಿ ನಿಂತವರ ಹಾಗೆ ಮೆಟ್ಟಿಲ ಮೇಲೇ ನಿಂತಿದ್ದರು. ಹಾಡು ಮುಗಿದಾಗ ಜನ ಅವರನ್ನು ಮರೆತು ಒನ್ಸ್‌ಮೋರ್ ಎಂದು ಕೂಗಿದರು. ಅವರೂ ಚಪ್ಪಾಳೆ ತಟ್ಟಿದರು. ಆದರೆ ಗಣೇಶನ ಕಮಿಟಿಯವರು ತಟ್ಟಲಿಲ್ಲ.

"ಮೈಕ್ನಾಗೇ ಲೀಡರ್ಗೆ ತಪ್ಪಾಯ್ತು ಅಂದ್ಬುಡಮ್ಮ, ಮುಗುದೋಯ್ತದೆ" ಎಂದರು ರಾಜಣ್ಣ.

"ತಪ್ಪು ಹಾಡಿದ್ರೆ ಎಲ್ಲಿ ಅಂತ ತೋರಿಸಿ, ಈಗ್ಲೇ ಕೈ ಮುಗೀತೀನಿ. ಸರಿಯಾಗಿ ಹಾಡಿದ್ದಕ್ಕೆ ಹೆಂಗೆ ಮುಗೀಲಿ?"

"ಮುಂದ್ಲ ವರ್ಸ ಈ ಊರ ಪ್ರೋಗ್ರಾಂ ಬ್ಯಾಡ್ವಾ ನಮ್ಗೆ? ಕೈ ಎತ್ತುದ್ನಲ್ಲ, ಕಾಣ್ಲಿಲ್ವಾ?"

"ಕಾಣಿಸ್ತು. ನೀವು ತಿರುಗಿಸ್ದಾಗ ನಿಂತೋಗೋಕೆ ನಾನೇನು ನಲ್ಲೀನಾ?"

"ನಿನ್ ಗಂಟ್ಲು ಚೆನ್ನಾಗೈತೆ ಕಣಮ್ಮ. ಅದ್ರ ಮ್ಯಾಲಿರೋ ತಲೆ ಚೆನ್ನಾಗಿಲ್ಲ."

ಅವಳು ಮೈಕಿಗೆ ಕುಲಾವಿ ತೊಡಿಸಿ, ದಾರ ಕಟ್ಟಿ, ಯಾರದೋ ಆಟೋ ಹಿಡಿದು ಹೊರಟೇಹೋದಳು. ಹಾಡನ್ನು ಅರ್ಧಕ್ಕೆ ಬಿಡಲಾರದವಳು ಕಾರ್ಯಕ್ರಮವನ್ನೇ ಅರ್ಧಕ್ಕೆ ಬಿಟ್ಟಳು. ಅದನ್ನು ಅವಳ ವಿರುದ್ಧ ಇಂದಿಗೂ ಹೇಳುತ್ತೇನೆ. ಕೊನೆಯ ಹಾಡನ್ನು ಅವತ್ತು ನಾನು ಹಾಡಿದೆ. ಮುಂದಿನ ಊರಿನ ಪೋಸ್ಟರಿನಲ್ಲಿ ನನ್ನ ಫೋಟೊ ಬಂತು. ಹಾಡಿ ಕೆಳಗಿಳಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಿದ್ದರು, "ಆ ರಾಮನಗರದವ್ರು ಬರ್ನಿಲ್ವಾ?"

ಹೀಗೆ ಎರಡು ವರ್ಷ ಕಳೆಯಿತು. ಮೂರನೆಯ ವರ್ಷ ಚನ್ನಪಟ್ಟಣದ ಕಮಿಟಿಯೊಂದು ಅವಳಿದ್ದರೇ ಕಾರ್ಯಕ್ರಮ ಎಂದು ಹಟ ಹಿಡಿಯಿತು. ರಾಜಣ್ಣನವರ ನಂಬರನ್ನು ಅವಳು ಬ್ಲಾಕ್ ಮಾಡಿದ್ದಳು. ಅವಳನ್ನು ಕರೆತರಲು ಅವರು ಕಳಿಸಿದ್ದು ನನ್ನನ್ನು. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಬರುವುದಿಲ್ಲ ಎನ್ನಲಿ ಎಂದು ಬೇಡಿಕೊಂಡೇ ಹೋದೆ.

ಅವಳು ಮನೆಯ ಹಿಂದೆ ಕುಳಿತು ರೇಷ್ಮೆಗೂಡು ಆರಿಸುತ್ತಿದ್ದಳು. ಕೆಟ್ಟ ಗೂಡುಗಳನ್ನು ಒಂದೊಂದಾಗಿ ಅಣ್ಣನ ಮುಖದ ಮುಂದೆ ಹಿಡಿದು, ಮಾರ್ಕೆಟ್ಟಿನಿಂದ ಇಂಥವನ್ನು ಹೇಗೆ ತಂದೆ ಎಂದು ವಿಚಾರಣೆ ನಡೆಸಿದ್ದಳು. ನನಗೆ ಟೀ ಕೊಟ್ಟು, ವಿಷಯ ಪೂರ್ತಿ ಕೇಳಿಸಿಕೊಂಡಳು.

"ರಾಜಣ್ಣನೇ ಬಂದು ಕರೀಲಿ. ಬಾಗಿಲತನಕ ಬಂದ್ರೆ ಸಾಕು, ಒಳಗೂ ಬರೋದು ಬೇಡ."

"ಅವರು ಬರಲ್ಲ ಅಕ್ಕ."

"ಗೊತ್ತು." ಒಂದು ಗೂಡನ್ನು ಆಚೆ ಎಸೆದಳು. "ನಿಂಗೆ ಖುಷಿ ತಾನೆ?"

ನಾನು ಟೀ ಲೋಟ ನೋಡುತ್ತಾ ಕುಳಿತೆ. ಅವಳು ಜೋರಾಗಿ ನಕ್ಕಳು. "ಅಯ್ಯೋ, ಕುಡಿಯಮ್ಮ, ಆರೋಗ್ತದೆ. ನಿನ್ನ ಜಾಗದಲ್ಲಿ ನಾನಿದ್ರೆ ಇಲ್ಲೀತನಕ ಬರ್ತಾನೇ ಇರ್ಲಿಲ್ಲ. ಸಿಗ್ಲಿಲ್ಲ ಅಂತ ಹೇಳ್ಬಿಡ್ತಿದ್ದೆ."

ಆಮೇಲೆ ನಾನು ಅವಳನ್ನು ನೋಡಿಲ್ಲ. ಮದುವೆಯಾಗಿ ದೂರದ ಊರಿಗೆ ಹೋದಳೆಂದು ಮಂಜ ಹೇಳಿದ.

ಅವತ್ತು ವಾಪಸ್ ಬಸ್ಸಿನಿಂದಲೇ ರಾಜಣ್ಣನವರಿಗೆ ಫೋನ್ ಮಾಡಿದೆ. "ಬರಲ್ವಂತೆ ಅಣ್ಣ. ನೀವೇ ಬಂದು ಕರೀಬೇಕಂತೆ." ಬೈಗುಳಕ್ಕೆ ಕಾದೆ.

"ಹಂಗಂದ್ಲಾ?" ಅವರ ದನಿಯಲ್ಲಿ ನಗುವಿತ್ತು. "ಗಂಟ್ಲು ಹೆಂಗೈತೆ ಅವ್ಳ್ದು? ಮಾತಾಡುವಾಗ ಕೇಳುಸ್ಕೊಂಡ್ಯಾ?"

"ಹಂಗೇ ಐತೆ ಅಣ್ಣ."

ನನ್ನ ಗಂಟಲು ಹೇಗಿದೆ ಎಂದು ಅವರು ಒಂದು ದಿನವೂ ಕೇಳಿದವರಲ್ಲ. ಮತ್ತೆ ಅಂದರು, "ಸರಿ ಬುಡು. ಕಮಿಟಿಯೋರ್ಗೆ ನಾನೇ ಏನಾರ ಹೇಳ್ತೀನಿ. ಪೋಸ್ಟರ್‌ಗೆ ನಿನ್ ಫೋಟೋನೇ ಕಳ್ಸು."

ಬಸ್ಸು ಚನ್ನಪಟ್ಟಣ ಮುಟ್ಟುವ ಮೊದಲೇ ಕಳಿಸಿದೆ.