ಗಿರಣಿ ಓಣಿಯ ಕೈಮಾತು

ಜಗತ್ತನ್ನು ಬದಲಿಸಿದವರ ಪಟಗಳು ನಾನು ಕಲಿತ ಸಾಲೆಯ ಗೋಡೆಯ ತುಂಬ ಇದ್ದವು. ಎಲ್ಲರದೂ ಗಂಭೀರ ಮುಖ, ಎಲ್ಲರ ನೋಟವೂ ಎಲ್ಲೋ ದೂರಕ್ಕೆ. ನಮ್ಮ ಓಣಿಯನ್ನು ಬದಲಿಸಿದವರ ಪಟ ಮಾತ್ರ ಎಲ್ಲೂ ಇಲ್ಲ. ಕ್ಯಾಮೆರಾ ಕಂಡ ಕೂಡಲೇ ಅವರು ಕಣ್ಣು ಮುಚ್ಚಿಬಿಡುತ್ತಾರೆ, ಅದೊಂದು ಕಾರಣ. ದನದ ದಲಾಲರ ಪಟವನ್ನು ಯಾರೂ ಗೋಡೆಗೆ ಹಾಕುವುದಿಲ್ಲ, ಅದು ಇನ್ನೊಂದು.

ಯರಗಟ್ಟಿಯಲ್ಲಿ ನಮ್ಮ ಎದುರು ಮನೆ ಅವರದು. ಓಣಿಗೆಲ್ಲ ಅವರು ಚಾಚಾ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ಸಂತೆಯಿಂದ ಸಂತೆಗೆ ತಿರುಗಿ ರೈತರಿಗೆ ಎತ್ತು ಕೊಡಿಸುವುದು ಅವರ ಕೆಲಸ. ಆ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ವಸ್ತ್ರ ಹೊದಿಸಿ, ಅದರೊಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ವಸ್ತ್ರದ ಅಲುಗಾಟ ಮಾತ್ರ. ಹಾಗೆ ಬಾಯಿ ಮುಚ್ಚಿಕೊಂಡು ಅರ್ಧ ಆಯುಷ್ಯ ಮಾತಾಡಿದವರು ಚಾಚಾ. ಉಳಿದ ಅರ್ಧ ಆಯುಷ್ಯದಲ್ಲಿ ಅವರ ಬಾಯಿಗೆ ಬಿಡುವೇ ಇರಲಿಲ್ಲ ಅನ್ನುವುದು ಬೇರೆ ಮಾತು.

ನಮ್ಮದು ಹಿಟ್ಟಿನ ಗಿರಣಿ. ನನ್ನ ತಂಗಿ ಹುಟ್ಟಿದಾಗ ನನಗೆ ಏಳು ವರ್ಷ. ಅವ್ವ ಗಿರಣಿಯ ಮೂಲೆಯಲ್ಲೇ ತೊಟ್ಟಿಲು ಕಟ್ಟಿ ಕೂಸನ್ನು ಮಲಗಿಸುತ್ತಿದ್ದಳು. ಯಂತ್ರದ ಪಟ್ಟಾ ತಿರುಗಿ ಗೋಡೆ ಅದುರಿದರೂ ಅದಕ್ಕೆ ಗಾಢ ನಿದ್ದೆ. "ಎಂಥಾ ಶಾಣ್ಯಾ ಕೂಸವ್ವಾ!" ಎಂದು ಜೋಳ ಬೀಸಿಸಲು ಬಂದ ಹೆಂಗಸರೆಲ್ಲ ಹೊಗಳಿದರು. ಅವ್ವ ಹೆಮ್ಮೆಪಟ್ಟು ದೃಷ್ಟಿ ತೆಗೆದಳು. ಕೂಸಿಗೆ ಕಿವಿ ಕೇಳುವುದಿಲ್ಲ ಎಂದು ನಮಗೆ ಗೊತ್ತಾಗಿದ್ದು ಎರಡು ವರ್ಷ ತುಂಬಿದ ಮೇಲೆ.

ಅಪ್ಪ ಆಕೆಯನ್ನು ಎತ್ತಿಕೊಂಡು ಬೆಳಗಾವಿಗೆ ಹೋದ, ಹುಬ್ಬಳ್ಳಿಗೆ ಹೋದ. ಕಿವಿಗೆ ಯಂತ್ರ ಹಾಕಿಸಿದ. ಉಪಯೋಗವಾಗಲಿಲ್ಲ. ಆಕೆಗೆ ಐದು ತುಂಬಿದಾಗ ದೂರದೂರಿನ ವಸತಿ ಸಾಲೆಯೊಂದಕ್ಕೆ ಬಿಟ್ಟುಬರುವುದೆಂದು ತೀರ್ಮಾನಿಸಿದ. ಅಲ್ಲಿ ಬಾಯಿಂದ ಮಾತಾಡಲು ಕಲಿಸುತ್ತಾರಂತೆ, ಮಾತು ಬಂದ ಮೇಲೆ ಮನೆಗೆ ಬರಲಿ ಎಂಬ ಲೆಕ್ಕ. ಅವ್ವ ರೊಟ್ಟಿ ಬಡಿಯುತ್ತಲೇ ಅಳುತ್ತಿದ್ದಳು. ಅಪ್ಪನೇನೂ ಕಲ್ಲುಮನಸ್ಸಿನವನಲ್ಲ. ಮಗಳ ಜೊತೆ ಹೇಗಿರಬೇಕೆಂದು ತಿಳಿಯದೆ ಆಕೆಯ ಮುಖ ನೋಡುವುದನ್ನೇ ಬಿಟ್ಟಿದ್ದ.

ಸುದ್ದಿ ತಿಳಿದ ಸಂಜೆ ಚಾಚಾ ನಮ್ಮ ಕಟ್ಟೆಗೆ ಬಂದು ಅಪ್ಪನ ಪಕ್ಕ ಕುಳಿತರು.

"ತಮ್ಮಾ, ಹುಡುಗಿಗಿ ಮಾತ ಬರಂಗಿಲ್ಲಂತ ಯಾರ ಹೇಳಿದ್ರು? ಆಕಿ ಮುಂಜಾನಿಂದ ಸಂಜೀತನಾ ಮಾತಾಡಾಕ ಹತ್ತ್ಯಾಳ. ತಿಳೀವಲ್ಲದು ನಮಗ."

"ಅದಕ್ಕ ಏನ ಮಾಡೂಣ್ರಿ ಚಾಚಾ?"

"ನಾವು ಕಲಿಯೂಣು. ಇಡೀ ಓಣಿ ಕಲೀಲಿ. ದೀಪಾವಳಿ ತನಕಾ ಟೈಮ್ ಕೊಡು. ಆಗಲಿಲ್ಲಂದ್ರ ನಾನ ಆಕೀನ ಬಸ್ಸಿಗಿ ಹತ್ತಿಸಿ ಬರತೇನಿ."

ಓಣಿ ನಕ್ಕಿತು. ಒಂದು ಹುಡುಗಿಯನ್ನು ರಿಪೇರಿ ಮಾಡುವುದು ಬಿಟ್ಟು ಈ ಮನುಷ್ಯ ಇಡೀ ಓಣಿಯನ್ನೇ ರಿಪೇರಿಗೆ ಹಾಕಲು ಹೊರಟಿದ್ದರು! ಆದರೆ ಚಾಚಾನ ಕೈಯಿಂದ ತಪ್ಪಿಸಿಕೊಂಡವರು ಯಾರಿದ್ದಾರೆ? ಮೊದಲು ನಮ್ಮಂಥ ಮಕ್ಕಳು ಸೇರಿದೆವು, ನಮ್ಮ ಹಿಂದೆ ಅವ್ವಂದಿರು, ಕೊನೆಗೆ ಚಹಾದಂಗಡಿಯವನೂ ಬಂದ. ದಿನವೂ ದೀಪ ಹಚ್ಚುವ ಹೊತ್ತಿಗೆ ಅವರ ಕಟ್ಟೆಯ ಮೇಲೆ ಸಭೆ. ಅಂಗೈ ಬಡಿದರೆ ರೊಟ್ಟಿ, ಸ್ಟೇರಿಂಗ್ ತಿರುಗಿಸಿದರೆ ಬಸ್ಸು. ಜಡೆ ಎಳೆದರೆ ನಾನು. ಕೈಮೇಲೆ ವಸ್ತ್ರ ಹೊದಿಸಿದಂತೆ ಮಾಡಿದರೆ ಚಾಚಾ. ಸಭೆಗೆ ಬಾರದ ಅಪ್ಪನಿಗೆ ತಂಗಿಯೇ ಹೆಸರಿಟ್ಟಳು: ಹಿಟ್ಟು ಮೆತ್ತಿದ ಮುಖವನ್ನು ಅಂಗೈಯಿಂದ ಒರೆಸಿಕೊಳ್ಳುವುದು.

ಗುರು ದನದ ದಲಾಲ ಆದದ್ದರಿಂದ ಒಂದು ಎಡವಟ್ಟೂ ಆಯಿತು. ಒಳ್ಳೆಯದು ಎಂಬುದನ್ನು ಹೇಗೆ ತೋರಿಸುವುದು? ಚಾಚಾ ಅಭ್ಯಾಸಬಲದಿಂದ ತಮ್ಮ ಮೇಲ್ದುಟಿ ಎತ್ತಿ ಹಲ್ಲು ತೋರಿಸಿದರು. ಎತ್ತಿನ ಬೆಲೆ ಹಲ್ಲಿನಲ್ಲಿ ತಾನೆ ಇರುವುದು? ಅದೇ ಕಾಯಂ ಆಯಿತು. ಒಳ್ಳೆಯ ಸಾರಿಗೂ ಒಳ್ಳೆಯ ಮನುಷ್ಯನಿಗೂ ನಮ್ಮ ಓಣಿ ತುಟಿ ಎತ್ತಿ ಹಲ್ಲು ತೋರಿಸತೊಡಗಿತು. ಮುಂದೆ ನನ್ನನ್ನು ನೋಡಲು ಸಂಪಗಾಂವದಿಂದ ಗಂಡಿನವರು ಬಂದಾಗ, ತಂಗಿ ಹುಡುಗನನ್ನು ಮೇಲಿಂದ ಕೆಳಗೆ ದಿಟ್ಟಿಸಿ, ನನ್ನ ಕಡೆ ತಿರುಗಿ ತುಟಿ ಎತ್ತಿ ತೋರಿಸಿದಳು. ಬೀಗರು ಗಾಬರಿಯಾದರು. ನಾನು ಒಪ್ಪಿಕೊಂಡೆ. ಆಕೆಯ ಅಂದಾಜು ತಪ್ಪಾಗಿರಲಿಲ್ಲ.

ಅಪ್ಪ ಮಾತ್ರ ಕಲಿಯಲಿಲ್ಲ. "ಓಣ್ಯಾಗ ಕೈ ತಿರುವಿಕೋತ ನಿಂತ್ರ ಮಂದಿ ನಗತಾರ" ಅನ್ನುತ್ತಿದ್ದ. ದೀಪಾವಳಿ ಹತ್ತಿರ ಬಂತು. ತಂಗಿಯ ಹೊಸ ಟ್ರಂಕು ಪಡಸಾಲೆಯಲ್ಲಿ ಬಂದು ಕುಳಿತಿತು.

ಹಬ್ಬದ ಮುನ್ನಾದಿನ ಗಿರಣಿಯಲ್ಲಿ ವಿಪರೀತ ಗದ್ದಲ. ಚಾಚಾ ಜೋಳದ ಡಬ್ಬಿ ಹೊತ್ತು ಬಂದರು, ಇನ್ನೊಂದು ಕೈಯಲ್ಲಿ ತಂಗಿಯ ಕೈ. ನಾನು ಅಪ್ಪನ ಪಕ್ಕದಲ್ಲಿ ಹಿಟ್ಟು ತುಂಬುತ್ತಿದ್ದೆ. ಗಿರಣಿ ತಿರುಗುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹೆಂಗಸೊಬ್ಬಳು ದೂರದಿಂದಲೇ ಎರಡು ಬೆರಳು ಉಜ್ಜಿ ಸಣ್ಣಗೆ ಬೀಸು ಎಂದಳು. ಅಪ್ಪ ತಲೆಯಾಡಿಸಿ, ಅಂಗೈ ಕೆಳಮುಖ ಮಾಡಿ ಕೂಡು ಎಂದ. ಚಾಚಾ ತಂಗಿಯನ್ನು ಸಾಲಿನಲ್ಲಿ ಮುಂದಕ್ಕೆ ತಳ್ಳಿದರು, ಅಷ್ಟೆ.

ಆಕೆ ಎರಡು ಬೆರಳು ಉಜ್ಜಿದಳು. ಅಪ್ಪ ಕೆಲಸದ ಗಡಿಬಿಡಿಯಲ್ಲೇ ಅಂಗೈ ಕೆಳಮುಖ ಮಾಡಿದ. ಆಕೆ ಕುಳಿತಳು. ಕುಳಿತು ಬೆರಳು ತಿರುವಿ ಎಷ್ಟು ಹೊತ್ತು ಎಂದು ಕೇಳಿದಳು. ಅಪ್ಪ ಚಿಟಿಕೆ ತೋರಿಸಿದ, ಸ್ವಲ್ಪ. ಆಮೇಲೆ ಅವನ ಕೈ ಗಾಳಿಯಲ್ಲೇ ನಿಂತಿತು. ಮಗಳು ಕೇಳಿದ್ದಳು, ತಾನು ಉತ್ತರ ಕೊಟ್ಟಿದ್ದ!

ಚಾಚಾ ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದ್ದು ನನಗೂ ಕೇಳಿಸಿತು. "ಊರ ಮಂದಿ ಕೂಡ ದಿನಾ ಕೈಲೆ ಮಾತಾಡ್ತಿ. ಮಗಳ ಕೂಡ ಮಾತಾಡಾಕ ನಾಚಿಕಿ ಏನೋ?"

ಅಪ್ಪನ ಕಣ್ಣು ತುಂಬಿದವು. ಯಾರಿಗೂ ಕಾಣಬಾರದೆಂದು ಅಂಗೈಯಿಂದ ಮುಖ ಒರೆಸಿಕೊಂಡ. ಅದು ಅವನ ಹೆಸರು ಎಂದು ಅವನಿಗೆ ಗೊತ್ತಿರಲಿಲ್ಲ. ತಂಗಿ ಖುಷಿಯಿಂದ ಕುಣಿದು, ತಾನೂ ಮುಖ ಒರೆಸಿಕೊಂಡು ಅಪ್ಪನನ್ನು ಹೆಸರು ಹಿಡಿದು ಕರೆದಳು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಹಬ್ಬ ಕಳೆದರೂ ತಂಗಿ ಬಸ್ಸು ಹತ್ತಲಿಲ್ಲ; ಆ ಟ್ರಂಕಿನಲ್ಲಿ ಅವ್ವ ಮನೆಯ ಹಾಸಿಗೆ ಬಟ್ಟೆ ತುಂಬಿಟ್ಟಳು.

ತಂಗಿ ನಮ್ಮೂರ ಸಾಲೆಗೇ ಬಂದಳು. ಓಣಿಯ ಹುಡುಗರು ಸರದಿಯ ಮೇಲೆ ಆಕೆಯ ಪಕ್ಕ ಕುಳಿತು ಪಾಠವನ್ನು ಕೈಗೆ ಇಳಿಸುತ್ತಿದ್ದರು. ಕೆಲವು ವರ್ಷಗಳ ನಂತರ ಬೆಳಗಾವಿಯಿಂದ ಶಿಕ್ಷಕಿಯೊಬ್ಬರು ಬಂದರು. ಅವರಿಗೂ ಕಿವಿ ಕೇಳುವುದಿಲ್ಲ. ದೇಶದ ತುಂಬ ಆಡುವ ಪೂರ್ತಿ ಕೈಭಾಷೆಯೊಂದು ಮೊದಲಿನಿಂದಲೂ ಇದೆ ಎಂದು ತೋರಿಸಿಕೊಟ್ಟರು. ಎಲ್ಲ ತಾವೇ ಹುಟ್ಟಿಸಿದ್ದು ಎಂದುಕೊಂಡಿದ್ದ ಚಾಚಾ ಒಂದೆರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದರು. ಆಮೇಲೆ ತಾವೇ ಹೋಗಿ ಮುಂದಿನ ಸಾಲಿನಲ್ಲಿ ಕುಳಿತರು. "ನಾವು ಚಕ್ಕಡಿ ಹೂಡಾಕ ಹತ್ತಿದ್ವಿ, ಅವರು ರೈಲ ಬಿಟ್ಟಾರ ನೋಡ," ಎಂದು ನನಗೆ ಹೇಳಿದರು. ಅವರನ್ನು ನಾನು ದೊಡ್ಡವರೆಂದು ಒಪ್ಪಿಕೊಂಡದ್ದು ಆ ದಿನ. ತನ್ನದನ್ನೇ ಹಿಡಿದು ಕೂತುಬಿಡುವ ಬುದ್ಧಿವಂತರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹೋದ ಜೂನ್‌ನಲ್ಲಿ ತಂಗಿ ಕಿವುಡು ಮಕ್ಕಳಿಗೆ ಕಲಿಸುವ ತರಬೇತಿಗೆಂದು ದೂರದ ಊರಿಗೆ ಹೊರಟಳು. ಈ ಸಲ ಕಳಿಸಿದವರು ಯಾರೂ ಇಲ್ಲ, ತಾನೇ ಹೊರಟದ್ದು. ನಾನು ಗಂಡನ ಮನೆಯಿಂದ ಬಂದಿದ್ದೆ. ಚಾಚಾ ಕೋಲೂರಿಕೊಂಡು ಬಂದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಜೋರು ಮಳೆ. ಬಸ್ಸಿನ ಗಾಜುಗಳೆಲ್ಲ ಮುಚ್ಚಿದ್ದವು. ಕಳಿಸಲು ಬಂದವರು ಕಿಟಕಿ ಬಡಿದು ಕೂಗುತ್ತಿದ್ದರು, ಒಳಗಿದ್ದವರು "ಆಂ? ಆಂ?" ಎನ್ನುತ್ತಿದ್ದರು.

ಅಪ್ಪ ಅಷ್ಟು ವರ್ಷಗಳಲ್ಲಿ ಮನೆಯೊಳಗೆ, ಗಿರಣಿಯೊಳಗೆ ಮಗಳ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದ. ಬೀದಿಗೆ ಬಂದರೆ ಮಾತ್ರ ಅವನ ಕೈ ಕಿಸೆಯಲ್ಲೇ. ಅವತ್ತು ಕೊಡೆಯನ್ನು ನನ್ನ ಕೈಗೆ ಕೊಟ್ಟು, ಮಳೆಯಲ್ಲಿ ಎರಡು ಹೆಜ್ಜೆ ಮುಂದೆ ಹೋಗಿ ನಿಂತ. ಎರಡೂ ಕೈ ಎತ್ತಿ, ರೊಟ್ಟಿ ಮೇಲಿನ ಚೀಲದಾಗ ಐತಿ ಎಂದ. ಊರು ಮುಟ್ಟಿದ ಕೂಡಲೇ ವಿಡಿಯೋ ಕಾಲ್ ಮಾಡು ಎಂದ. ಗಾಜಿನ ಆ ಕಡೆಯಿಂದ ತಂಗಿ ಒಂದೂ ಬಿಡದಂತೆ ಉತ್ತರ ಕೊಟ್ಟಳು. ಇಡೀ ಬಸ್ ಸ್ಟ್ಯಾಂಡಿನಲ್ಲಿ ಸರಿಯಾಗಿ ಮಾತಾಡುತ್ತಿದ್ದವರು ಅವರಿಬ್ಬರೇ.

ಬಸ್ಸು ಅಲುಗಿತು. ಸುತ್ತ ನಿಂತವರು ನೋಡುತ್ತಿದ್ದಂತೆಯೇ ಅಪ್ಪ ತನ್ನ ಮೇಲ್ದುಟಿಯನ್ನು ಎರಡು ಬೆರಳಿನಿಂದ ಎತ್ತಿ, ಮಗಳಿಗೆ ತನ್ನ ಹಲ್ಲುಗಳನ್ನೆಲ್ಲ ತೋರಿಸಿದ.