ಹರಕೆಯ ಕೋಳಿಯೂ ನನ್ನ ಕೆಮ್ಮೂ

ಒಂದು ಮೊಟ್ಟೆ ಇಟ್ಟಿದ್ದಕ್ಕೆ ಕೋಳಿ ಊರಿಗೆಲ್ಲ ಕೇಳುವ ಹಾಗೆ ಕೂಗುವುದೇಕೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ನಾನೂ ಮಕ್ಕಳನ್ನು ಹೆತ್ತವಳೇ, ಇಷ್ಟು ಸದ್ದು ಮಾಡಲಿಲ್ಲ. ಆದರೂ ನಮ್ಮ ಬಾಗಿಲಲ್ಲಿ ಕೋಳಿ ಕೂಗಿದರೆ ನಾನು ಗದರುವುದಿಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಎಮರ್ಜೆನ್ಸಿ ಎಂದು ಜನ ಪಿಸುಗುಟ್ಟುತ್ತಿದ್ದ ಕಾಲ. ಚನ್ನಗಿರಿಯಲ್ಲಿದ್ದ ನನಗೆ ಕ್ಷಯ ಹಿಡಿಯಿತು. ಕೆಮ್ಮಿದರೆ ರಕ್ತ. ದಿನಾ ಸೂಜಿ ಚುಚ್ಚುತ್ತಿದ್ದ ಡಾಕ್ಟರು, ಮೊಟ್ಟೆ ತಿಂದು ಮೈಗೆ ಬಲ ಬರದಿದ್ದರೆ ಬದುಕುವುದು ಕಷ್ಟ ಎಂದರು. ಮೊಟ್ಟೆಗೇನು, ಹಿತ್ತಲ ತುಂಬ ಕೋಳಿಗಳಿದ್ದವು. ಆದರೆ ಕಾಯಿಲೆಯವಳನ್ನು ನೋಡಲು ಬರುವ ನಂಟರೂ ಇದ್ದರಲ್ಲ! ಹೊನ್ನಾಳಿಯವರು ನನ್ನ ಮುಖ ನೋಡಿ ಲೊಚಗುಟ್ಟಿ, ಕೋಳಿಸಾರು ಉಂಡು ಹೋದರು. ಜಗಳೂರಿನವರು ಮೊದಲು ಅತ್ತರು, ಹಾಗಾಗಿ ಅವರಿಗೆ ಹಸಿವು ಜಾಸ್ತಿ. ಹಾಸಿಗೆಯಲ್ಲಿ ನಾನು, ಹಿತ್ತಲಲ್ಲಿ ಕೋಳಿಗಳು, ಯಾರು ಮೊದಲು ಮುಗಿಯುತ್ತೇವೋ ಎಂದು ಪಂದ್ಯ ಕಟ್ಟಿದವರ ಹಾಗೆ ಕರಗುತ್ತ ಬಂದೆವು.

ಕೊನೆಗೆ ಉಳಿದದ್ದು ಒಂದು ಕೆಂಪು ಹೇಟೆ. ನ್ಯಾಮತಿಯಿಂದ ನನ್ನ ತಂಗಿಯ ಗಂಡ ಬಂದ ದಿನ ಅದರ ಕಾಲಿಗೂ ಹಗ್ಗ ಬಿತ್ತು. ಆಗ ನನ್ನ ಅತ್ತೆ ಒಳಗಿಂದ ಓಡಿ ಬಂದರು.

"ಮುಟ್ಟಬ್ಯಾಡ್ರೋ ಅದನ್ನ! ಸೊಸೆ ಹುಷಾರಾದ್ರೆ ಮಾರಮ್ಮಗೆ ಕೊಡ್ತೀನಿ ಅಂತ ಹರಕೆ ಹೊತ್ತೀನಿ."

"ಅಯ್ಯೋ ಅವ್ವ, ನಾನು ಅದನ್ನೇ ಚೌಡಮ್ಮಗೆ ಹೊತ್ತೀನಲ್ಲ!" ಎಂದ ನನ್ನ ಗಂಡ.

ತಂಗಿಯ ಗಂಡ ಕಿವಿ ಕೆರೆದುಕೊಂಡ. "ನನ್ನ ಹೆಂಡ್ತೀನೂ ಇದನ್ನೇ ದುರ್ಗಮ್ಮಗೆ ಹೊತ್ತಾಳೆ."

"ಯಾಕಪ್ಪಾ, ನಿಮ್ಮ ಮನೇಲಿ ಕೋಳಿ ಇರಲಿಲ್ವಾ?" ಎಂದರು ಅತ್ತೆ.

"ಅದಾವೆ. ಆದ್ರೆ ಅವು ಚೆನ್ನಾಗಿ ಮೊಟ್ಟೆ ಇಡ್ತಾವೆ."

ಅವನಿಗೆ ಆ ದಿನ ಮುದ್ದೆಯ ಜೊತೆ ಹುರುಳಿ ಸಾರೇ ಗತಿಯಾಯಿತು. ಹಗ್ಗ ಬಿಚ್ಚಿಸಿಕೊಂಡ ಹೇಟೆ ಮರುದಿನ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು, ಮೂರು ದೇವರಿಗೂ ಕೇಳುವಂತೆ ಕೂಗಿತು. ಹರಕೆಯ ಕೋಳಿಯ ಮೊಟ್ಟೆ ತಿನ್ನಬಹುದೇ ಎಂದು ನನ್ನ ಗಂಡನಿಗೆ ಭಯ. ಅತ್ತೆ ಮೊಟ್ಟೆಯನ್ನು ಕುದಿಯುವ ನೀರಿಗೆ ಬಿಟ್ಟೇ ಉತ್ತರ ಕೊಟ್ಟರು: "ಹೊತ್ತಿದ್ದು ಕೋಳಿ. ಮೊಟ್ಟೆ ಮಾತು ನಾನೂ ಎತ್ತಿಲ್ಲ, ಆಯಮ್ಮನೂ ಎತ್ತಿಲ್ಲ."

ಹೇಟೆ ಕಾವಿಗೆ ಕೂರಲು ನೋಡಿದಾಗಲೆಲ್ಲ ಅತ್ತೆ ಅದನ್ನು ತಣ್ಣೀರಲ್ಲಿ ಅದ್ದಿ ಎಬ್ಬಿಸುವರು. ಪಾಪ, ಮತ್ತೆ ಮೊಟ್ಟೆ ಇಡುತ್ತಿತ್ತು. ಹೀಗೆ ನಾನು ಎದ್ದು ಕೂತೆ, ಆಮೇಲೆ ನಿಂತೆ. ದೇವರು ಕಷ್ಟಕ್ಕೆ ಒದಗುತ್ತಾನೆಂದರೆ ಆಕಾಶದಿಂದ ಏನೋ ಇಳಿಯುತ್ತದೆ ಎಂದುಕೊಂಡಿದ್ದೆ. ನನಗೆ ಹೊಸದೇನೂ ಇಳಿಯಲಿಲ್ಲ. ನನ್ನ ಕೋಳಿಯನ್ನೇ ನಂಟರ ಬಾಯಿಂದ ಬಿಡಿಸಿ ನನಗೆ ಕೊಟ್ಟ. ಅದೇನು ಸಣ್ಣ ಕೆಲಸವೇ? ನೀವು ನಮ್ಮ ನಂಟರನ್ನು ನೋಡಿಲ್ಲ.

ಡಾಕ್ಟರು ವಾಸಿಯಾಯಿತು ಎಂದ ದಿನವೇ ಹೊಸ ಪೇಚು ಶುರುವಾಯಿತು. ನಾನು ಗುಣವಾದರೆ ಹೇಟೆಯ ಕತ್ತು ಹೋಗಬೇಕು. ಗಂಡ ಆಗಲೇ ಕುಡುಗೋಲು ಹುಡುಕುತ್ತಿದ್ದ. "ಪೂರ್ತಿ ಹುಷಾರಾದ್ಯೇನೇ?" ಎಂದು ಅತ್ತೆ ಕೇಳಿದರು. ಹೊಸ್ತಿಲಿಗೆ ಕೊಕ್ಕು ಉಜ್ಜುತ್ತ ನಿಂತಿದ್ದ ಹೇಟೆ ನನ್ನನ್ನು ಒಂದೇ ಕಣ್ಣಲ್ಲಿ ನೋಡಿತು. ನಾನು ಕೆಮ್ಮಿದೆ.

ಅತ್ತೆ ನನ್ನನ್ನು ನೋಡಿದರು, ಕೋಳಿಯನ್ನು ನೋಡಿದರು. "ಕುಡುಗೋಲು ಒಳಗಿಡೋ. ಇವಳಿಗಿನ್ನೂ ವಾಸಿಯಾಗಿಲ್ಲ" ಎಂದರು. ಅಂದಿನಿಂದ ಪ್ರತಿ ಮಂಗಳವಾರ ಗುಡಿಯ ಕಡೆ ತಿರುಗಿ ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವರು, ನಾನು ಗಟ್ಟಿಯಾಗಿ ಕೆಮ್ಮುವೆನು. ಹೇಟೆ ಕಾವಿಗೂ ಕೂತು, ಮರಿ ಎಬ್ಬಿಸಿ, ಮುದಿಯಾಗಿ, ಒಂದು ಬೆಳಿಗ್ಗೆ ಬುಟ್ಟಿಯಲ್ಲೇ ತಣ್ಣಗಾಗಿತ್ತು.

"ಆಯಮ್ಮನೇ ಬಂದು ಒಯ್ದಳು, ಹರಕೆ ತೀರ್ತು" ಎಂದರು ಅತ್ತೆ.

"ಮೂವರಲ್ಲಿ ಯಾರು?" ಎಂದೆ.

"ಅವರವರು ಹಂಚ್ಕೋತಾರೆ. ನಿನಗ್ಯಾಕೆ?"

ಈಗ ಬಾಗಿಲಲ್ಲಿ ಕೂಗುತ್ತಿರುವುದು ಅದರದೇ ವಂಶ. ನಾನು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದ್ದೇನೆ. ಆದರೂ ಯಾರಾದರೂ ಬಂದು "ಹೆಂಗಿದೀಯಜ್ಜಿ, ಹುಷಾರಾ?" ಎಂದರೆ, ಮೊದಲು ಕೋಳಿ ಎಲ್ಲಿದೆ ಎಂದು ನೋಡುತ್ತೇನೆ, ಆಮೇಲೆ, ಇರಲಿ ಎಂದು, ಸ್ವಲ್ಪ ಕೆಮ್ಮುತ್ತೇನೆ.